ಕ್ಯಾನ್ಸರ್ ಆದ ಮೇಲೆ ಟರ್ಮ್ ಪಾಲಿಸಿ: ನನ್ನ ಅನುಭವ

ಸ್ತನ ಕ್ಯಾನ್ಸರ್ ಆದವರಿಗೆ ಜೀವ ವಿಮೆ ಸಿಗುವುದೇ ಇಲ್ಲ ಅಂತ ವಿರಾಜಪೇಟೆಯಲ್ಲಿ ನನಗೆ ತುಂಬಾ ಜನ ಹೇಳಿದ್ದರು. ಸಿಗುತ್ತದೆ. ತಡವಾಗಿ ಸಿಗುತ್ತದೆ, ದುಡ್ಡೂ ಜಾಸ್ತಿ. ಕಾಫಿ ತೋಟದ ಮೇಲೆ ಸಾಲ ಇದೆ, ಮಕ್ಕಳು ಇನ್ನೂ ಓದುತ್ತಿದ್ದಾರೆ, ನನಗೆ ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ನಾನು ಹೋದರೆ ಮನೆಯವರಿಗೆ ದುಡ್ಡು ಕೊಡುವ ಜೀವ ವಿಮೆ, ಬೇಕೇ ಬೇಕಿತ್ತು.

ಮೊದಲು ಸಿಕ್ಕ ಏಜೆಂಟ್, "ಫಾರ್ಮಲ್ಲಿ ಕ್ಯಾನ್ಸರ್ ಅಂತ ಬರೀಬೇಡಿ ಅಕ್ಕ, ಪಾಲಿಸಿ ಆಗಿ 3 ವರ್ಷ ದಾಟಿದ್ರೆ ಯಾರೂ ಕೇಳೋ ಹಾಗಿಲ್ಲ" ಅಂದರು. ವಿಮಾ ಕಾಯ್ದೆಯ 45ನೇ ಸೆಕ್ಷನ್ ಹಾಗೆ ಹೇಳುವುದು ನಿಜ. ಆದರೆ ಆ 3 ವರ್ಷದೊಳಗೇ ನಾನು ಹೋದರೆ? ನಮ್ಮಂಥವರಿಗೆ ಭಯ ಇರುವುದೇ ಆ ವರ್ಷಗಳದ್ದು, ಅಲ್ವಾ? ಹಳೇ ಆಸ್ಪತ್ರೆ ದಾಖಲೆ ಸಿಕ್ಕಿದರೆ ಕ್ಲೇಮ್ ಹೋಯಿತು, ಮಕ್ಕಳು ಕಚೇರಿ ಅಲೆಯಬೇಕು. ಆ ಏಜೆಂಟನ್ನು ಅಲ್ಲಿಗೇ ಬಿಟ್ಟೆ.

ಬೇರೆಯವರ ಮೂಲಕ, ಪ್ರಪೋಸಲ್ (ವಿಮೆಯ ಅರ್ಜಿ) ಹಾಕುವ ಮುಂಚೆಯೇ, ರಿಪೋರ್ಟ್ ಕಳಿಸಿ "ನನ್ನಂಥವರನ್ನು ತೆಗೆದುಕೊಳ್ಳುತ್ತೀರಾ" ಅಂತ ಕಂಪನಿಗಳನ್ನು ಕೇಳಿಸಿದೆ. ಇದು ಮುಖ್ಯ. ಯಾಕೆಂದರೆ ಒಂದು ಕಡೆ ತಿರಸ್ಕಾರ ಆದರೆ ಮುಂದಿನ ಫಾರ್ಮಿನಲ್ಲಿ ಅದನ್ನೂ ಹೇಳಬೇಕಾಗುತ್ತದೆ. ಕೆಲವರು ಇನ್ನೂ ಕಾಯಿರಿ ಅಂದರು. ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಕೊಡುವ ಹಾರ್ಮೋನ್ ಮಾತ್ರೆ ನಡೆಯುತ್ತಿದ್ದರೆ ಚಿಕಿತ್ಸೆ ಮುಗಿದಿಲ್ಲ ಅಂತ ಲೆಕ್ಕ ಹಾಕುವವರೂ ಇದ್ದಾರೆ.

ಕಂಪನಿಗಳು ಕೇಳಿದ್ದು ಬಯಾಪ್ಸಿ ರಿಪೋರ್ಟ್, ಆಪರೇಷನ್ ಆದ ಮೇಲಿನ ಪೆಥಾಲಜಿ ರಿಪೋರ್ಟ್ (ಸ್ಟೇಜ್, ಗಂಟಿನ ಅಳತೆ, ಕಂಕುಳ ಗ್ರಂಥಿಗೆ ಹರಡಿತ್ತಾ ಇಲ್ಲವಾ ಎಲ್ಲ ಅದರಲ್ಲೇ ಇರುತ್ತದೆ), ಡಿಸ್ಚಾರ್ಜ್ ಸಮರಿ, ಕೀಮೋ, ರೇಡಿಯೇಷನ್ ಮುಗಿದ ತಾರೀಕು, ಇತ್ತೀಚಿನ ಮ್ಯಾಮೋಗ್ರಾಮ್, ಮೈಸೂರಿನ ಡಾಕ್ಟರ ಪತ್ರ. ನಮ್ಮ ಕೊಡಗಿನ ಮಳೆಗಾಲದಲ್ಲಿ ಬೀರುವಿನ ಒಳಗಿದ್ದ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ದಯವಿಟ್ಟು ಎಲ್ಲ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಹಳೇ ಪ್ರತಿ ಸಿಗುತ್ತದೆ ಅಂತ ಸುಮ್ನೆ ಕೂರಬೇಡಿ.

ಕೊನೆಗೆ ಒಂದು ಕಂಪನಿ ಒಪ್ಪಿತು. ಕೇಳಿದ್ದಕ್ಕಿಂತ ಕಡಿಮೆ ಮೊತ್ತ, ಮೇಲೆ ಎಕ್ಸ್‌ಟ್ರಾ ಪ್ರೀಮಿಯಂ. ಬೇಜಾರಾಯಿತು, ಆದರೂ ಸಹಿ ಹಾಕಿದೆ. ಸಾಲ ತೀರುವಷ್ಟು ಆಗುತ್ತದಲ್ಲ.

ಬ್ಯಾಂಕಿನಲ್ಲಿ ಸಾಲ ಕೊಡುವಾಗ ಜೊತೆಗೆ ಕೊಡುವ ವಿಮೆಯ ಫಾರ್ಮ್ ನೋಡಿ ಸಹಿ ಮಾಡಿ. ಅದರಲ್ಲೂ "ನನ್ನ ಆರೋಗ್ಯ ಚೆನ್ನಾಗಿದೆ, ದೊಡ್ಡ ಕಾಯಿಲೆ ಇರಲಿಲ್ಲ" ಅನ್ನುವ ಸಾಲು ಇರಬಹುದು. ನಾನು ಅದನ್ನು ಹೊಡೆದು ಹಾಕಿಸಿ, ಕಾಯಿಲೆ ಬರೆಸಿದೆ.

ಪಾಲಿಸಿ ಕೈಗೆ ಬಂದ ದಿನವೇ ಜೊತೆಗಿದ್ದ ಪ್ರಪೋಸಲ್ ಪ್ರತಿ ಓದಿದೆ. ಕ್ಯಾನ್ಸರ್ ಪ್ರಶ್ನೆಗೆ "ಹೌದು" ಅಂತಲೇ ಇತ್ತು. ಹಾಗಿಲ್ಲದಿದ್ದರೆ ಪಾಲಿಸಿ ಹಿಂದಿರುಗಿಸಲು 30 ದಿನ ಸಮಯ ಇರುತ್ತದೆ.