ವಿಲಿಯಮ್ಸ್ ಸಿಂಡ್ರೋಮ್ ಮಕ್ಕಳ ಬಿಪಿ: ಸದ್ದಿಲ್ಲದೆ ನೋಡಿದಾಗ ಸಿಕ್ಕ ಲೆಕ್ಕ

ವಿಲಿಯಮ್ಸ್ ಸಿಂಡ್ರೋಮ್ ಅಂದರೆ ಹುಟ್ಟಿನಿಂದಲೇ ಇರುವ ಒಂದು ಜೀನ್ ತೊಂದರೆ. ಈ ಮಕ್ಕಳ ಬಿಪಿ ನಂಬಬೇಡಿ, ಅದು ಬರೀ ಡಾಕ್ಟರನ್ನು ಕಂಡು ಏರುವ ಅಂಜಿಕೆಯ ಬಿಪಿ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಹುಬ್ಬಳ್ಳಿಯಲ್ಲಿ ಮಕ್ಕಳ ಕ್ಲಿನಿಕ್ ನಡೆಸುವ ನಾನು ಆ ಮಾತು ಒಪ್ಪಲಿಲ್ಲ. ಈಗ ನಂಬಬಹುದಾದ ರೀಡಿಂಗ್ ಸಿಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹುಡುಗ ಗದಗ ಕಡೆಯವನು, ಏಳು ವರ್ಷದ ಆಸುಪಾಸು. ಕ್ರೋಮೋಸೋಮ್ ನೋಡುವ ಫಿಶ್ ಟೆಸ್ಟ್‌ಗೆ ಬೆಂಗಳೂರಿಗೆ ಸ್ಯಾಂಪಲ್ ಕಳಿಸಿ ಆರೇಳು ಸಾವಿರ ಹೋಗಿತ್ತು. 7ನೇ ಕ್ರೋಮೋಸೋಮ್ ಜೋಡಿಯ ಒಂದರಲ್ಲಿ ತುಣುಕು ಇಲ್ಲ, ಅದರ ಜೊತೆ ರಕ್ತನಾಳಕ್ಕೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಜೀನಿನ ಒಂದು ಪ್ರತಿಯೂ ಇಲ್ಲ. ಹೃದಯದ ಎಕೋ ಸ್ಕ್ಯಾನ್‌ನಲ್ಲಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ, ಅದರ ಕವಾಟದ ಮೇಲ್ಭಾಗದಲ್ಲಿ ಸ್ವಲ್ಪ ಕಿರಿದು. ಬಿಪಿಯ ಮೇಲಿನ ಸಂಖ್ಯೆ ಮಾತ್ರ ಒಮ್ಮೆ 150, ಇನ್ನೊಮ್ಮೆ 118. ಯಾವುದನ್ನು ಹಿಡಿಯೋಣ?

ತೊಂದರೆ ಇದ್ದದ್ದು ಮೆಷಿನ್‌ನ ಸದ್ದಿನಲ್ಲಿ. ಈ ಮಕ್ಕಳಿಗೆ ಕಿವಿ ಬಹಳ ಸೂಕ್ಷ್ಮ. ಮೋಟರ್ ಗುರ್ ಅಂದ ಕೂಡಲೇ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಸದ್ದಿಲ್ಲದ ಮೆಷಿನ್ ಅಂತ ಒಂಬತ್ತು ಸಾವಿರ ಕೊಟ್ಟು ಹೊಸದು ತಂದೆ. ಅದೂ ಗುರ್ ಅಂತು. ಆಮೇಲೆ 24 ಗಂಟೆ ಬಿಪಿ ನೋಡುವ ಯಂತ್ರ ಬಾಡಿಗೆಗೆ ತಂದೆವು, ದಿನಕ್ಕೆ ಎರಡೂವರೆ ಸಾವಿರದ ಹತ್ತಿರ. ರಾತ್ರಿ ಮಗು ಅದನ್ನು ಕಿತ್ತು ಎಸೆಯಿತು. ಬಂದ ರೀಡಿಂಗ್‌ಗಳಲ್ಲಿ ಅರ್ಧಕ್ಕರ್ಧ ಎರರ್. ಅವರಪ್ಪ ಗೊಂಜಾಳ ಮಾರಿದ ದುಡ್ಡು ಅದು. ನನಗೆ ಹೊಟ್ಟೆ ಉರಿಯಿತು.

ಕೊನೆಗೆ ಹಿಡಿದದ್ದು ಕೈಯಿಂದ ಒತ್ತುವ, ಮುಳ್ಳಿನ ಡಯಲ್ ಇರುವ ಹಳೆಯ ಅನೆರಾಯ್ಡ್ ಬಿಪಿ ಮೆಷಿನ್. ಮಕ್ಕಳ ಕಫ್ ಮೂರು ಸೈಜ್ ಸೇರಿ ನಾಲ್ಕು ಸಾವಿರದೊಳಗೆ ಆಯಿತು. ಪಾದರಸದ್ದರ ಜೊತೆ ತಾಳೆ ನೋಡಿಯೇ ಬಳಸಿದೆ. ಗಾಳಿ ಬಿಡುವಾಗಿನ ಬುಸ್ ಸದ್ದಿಗೂ ಹುಡುಗ ಬೆಚ್ಚುತ್ತಿದ್ದ. ಅದಕ್ಕೆ ನನ್ನದೊಂದು ಕೈಚಳಕ ಇದೆ. ಅದನ್ನು ಬರೆದು ತಿಳಿಸಲಾಗದು, ಕ್ಲಿನಿಕ್ಕಿಗೆ ಬಂದರೆ ತೋರಿಸುತ್ತೇನೆ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಈ ಮಕ್ಕಳಿಗೆ ಹಾಡು ಅಂದರೆ ಪ್ರಾಣ, ನಾವಿರುವುದೋ ಗಂಗೂಬಾಯಿ ಹಾನಗಲ್ಲರ ಊರಲ್ಲಿ. ಸಿನಿಮಾ ಹಾಡು ಹಚ್ಚಿದರೆ ಹುಡುಗ ಕುಣಿಯುತ್ತಿದ್ದ, ಬಿಪಿಯೂ ಅವನ ಜೊತೆ ಏರುತ್ತಿತ್ತು. ಮೊಬೈಲ್‌ನಲ್ಲಿ ತಂಬೂರಿ ಶ್ರುತಿ ಮೆಲ್ಲಗೆ ಇಟ್ಟೆ. ಐದು ನಿಮಿಷ ಸುಮ್ನೆ ಕುಳಿತ. ಮೇಲಿನ ಸಂಖ್ಯೆ ಹತ್ತು-ಹನ್ನೆರಡು ಇಳಿಯಿತು. ಮಾಮೂಲಿ ಮಕ್ಕಳಲ್ಲಿ ಮಾಡಿ ನೋಡಿದೆ, ಅಷ್ಟು ವ್ಯತ್ಯಾಸ ಬರಲಿಲ್ಲ.

ಹಾಗೆ ಶಾಂತವಾಗಿದ್ದಾಗ ಬಲಗೈ 136, ಎಡಗೈ 122ರ ಸುತ್ತ. ಕವಾಟದ ಮೇಲೆ ಕಿರಿದಿದ್ದರೆ ರಕ್ತದ ಧಾರೆ ಬಲಕ್ಕೆ ಚಿಮ್ಮುತ್ತದೆ, ಬಲಗೈಯಲ್ಲಿ ಜಾಸ್ತಿ ಬರುವುದು ಸಹಜ. ಆದರೆ ಎಡಗೈಯ 122 ಕೂಡ ಅವನ ವಯಸ್ಸು, ಎತ್ತರಕ್ಕೆ ಜಾಸ್ತಿಯೇ ಅಲ್ವಾ? ಪ್ರತಿ ಸಲ ಅದೇ ಬಂದರೆ ಅಂಜಿಕೆ ಅನ್ನುವುದು ಹೇಗೆ?

ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾದರೂ ಬಿಪಿ ಏರುತ್ತದೆ. ಅದನ್ನು ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಅನುಮಾನ ಬಂತು. ರಕ್ತನಾಳಗಳನ್ನು ಸ್ಪಷ್ಟವಾಗಿ ತೋರಿಸುವ ಸಿಟಿ ಆಂಜಿಯೋ ಸ್ಕ್ಯಾನ್‌ಗೆ ಬರೆದೆ. ಇಲ್ಲಿ ನನಗೆ ದಿಗಿಲಿದ್ದದ್ದು ನಿದ್ದೆ ಔಷಧಿಯ ಬಗ್ಗೆ. ಈ ಸಿಂಡ್ರೋಮ್‌ನಲ್ಲಿ ಅನಸ್ತೇಸಿಯಾ ಕೊಟ್ಟಾಗ ಹೃದಯ ಏಕಾಏಕಿ ನಿಂತದ್ದುಂಟು. ಕ್ಲಿನಿಕ್‌ನ ಮೇಜಿನ ಮೇಲೆ ತಂಬೂರಿ ಹಚ್ಚಿ ಅಲುಗಾಡದೆ ಮಲಗುವುದನ್ನು ರೂಢಿ ಮಾಡಿಸಿದೆ. ಸ್ಕ್ಯಾನ್ ಎಚ್ಚರವಿದ್ದಾಗಲೇ ಮುಗಿಯಿತು. ನಮ್ಮ ಭಾಗದಲ್ಲಿ ಇಂಥದ್ದು ಮಾಡಿಸಿದವರು ಕಡಿಮೆ, ನನಗೆ ಹೆಮ್ಮೆಯಿದೆ. ಖರ್ಚು ಹನ್ನೊಂದು ಸಾವಿರದಷ್ಟು.

ಎಡ ಕಿಡ್ನಿಯ ರಕ್ತನಾಳ ಅಯೋರ್ಟಾದಿಂದ ಕವಲೊಡೆಯುವಲ್ಲೇ ಕಿರಿದಾಗಿತ್ತು. ಹೃದಯದ ಡಾಕ್ಟರ್ ಜೊತೆ ಮಾತಾಡಿ ಬಿಪಿ ಇಳಿಸುವ ಆಮ್ಲೋಡಿಪಿನ್ ಮಾತ್ರೆ ಶುರು ಮಾಡಿದೆವು. ಎನಲಾಪ್ರಿಲ್ ಗುಂಪಿನ ಬಿಪಿ ಔಷಧಿ ಮುಟ್ಟಲಿಲ್ಲ, ಕಿಡ್ನಿಯ ನಾಳ ಕಿರಿದಿದ್ದಾಗ ಅದು ಕಿಡ್ನಿಗೆ ಪೆಟ್ಟು ಕೊಡಬಹುದು. ನಾಳವನ್ನು ಬಲೂನ್‌ನಿಂದ ಹಿಗ್ಗಿಸುವ ಮಾತು ಬಂತು. ಆದರೆ ಇವರಲ್ಲಿ ನಾಳದ ಗೋಡೆಯೇ ದಪ್ಪ, ಹಿಗ್ಗಿಸಿದ್ದು ಮತ್ತೆ ಕಿರಿದಾಗುವುದು ಹೆಚ್ಚು. ಮಾತ್ರೆ ಕೆಲಸ ಮಾಡುತ್ತಿರುವಷ್ಟು ದಿನ ಬಲೂನ್ ಬೇಡ ಅಂದೆವು.

ಹುಡುಗನಿಗೆ ಯಾರೋ ಎತ್ತರ ಬೆಳೆಯಲಿ ಅಂತ ಕ್ಯಾಲ್ಸಿಯಂ, ವಿಟಮಿನ್ ಡಿ ಟಾನಿಕ್ ಬರೆದಿದ್ದರು. ನಿಲ್ಲಿಸಿದೆ. ಇವರ ರಕ್ತದಲ್ಲಿ ಕ್ಯಾಲ್ಸಿಯಂ ತಾನಾಗಿಯೇ ಏರಬಹುದು, ನೋಡದೆ ಕೊಡಲೇಬಾರದು.

ಈಗ ಎಡಗೈ 108ರ ಸುತ್ತ ಇದೆ. ಮಾತ್ರೆಗೆ ತಿಂಗಳಿಗೆ ನೂರು ರೂಪಾಯಿಯೂ ಆಗುವುದಿಲ್ಲ. ತಾಯಿಗೆ ಸ್ಟೆತಸ್ಕೋಪ್ ಹಿಡಿಯುವುದನ್ನು ಕಲಿಸಿದ್ದೇನೆ, ಅವರ ರೀಡಿಂಗ್ ನನ್ನದಕ್ಕಿಂತ ಎರಡು-ನಾಲ್ಕು ಅಷ್ಟೇ ಆಚೀಚೆ. ಅಂಜಿಕೆಯ ಬಿಪಿ ಅಂದಿದ್ದ ಹಿರಿಯರೊಬ್ಬರು ಮೊನ್ನೆ ಹಾವೇರಿ ಕಡೆಯ ಹುಡುಗಿಯೊಬ್ಬಳನ್ನು ನನ್ನಲ್ಲಿಗೇ ಕಳಿಸಿದರು. ಅವಳಿಗೆ ಕೈಗಿಂತ ಕಾಲಿನಲ್ಲಿ ಬಿಪಿ ಕಡಿಮೆ ಬಂದಿದೆ. ಹೊಟ್ಟೆಯ ಭಾಗದ ಅಯೋರ್ಟಾ ಕಿರಿದಾಗಿದೆಯೇ ಅಂತ ನೋಡಿಸಬೇಕು.