ಶೇಕಡಾ ಹತ್ತು ಎಂದರೆ ಯಾವುದರಲ್ಲಿ ಹತ್ತು?

ಪ್ರಯೋಗಾಲಯದ ಕೆಲಸಕ್ಕೆ ಸೇರಿದ ಹೊಸತರಲ್ಲಿ ತೂಕದ ಲೆಕ್ಕದಲ್ಲಿ ಶೇ 10ರ ಉಪ್ಪಿನ ದ್ರಾವಣ ಮಾಡಿಡಲು ಹೇಳಿದರು. ಒಂದು ಕಿಲೋ ನೀರಿಗೆ 100 ಗ್ರಾಂ ಸೋಡಿಯಂ ಕ್ಲೋರೈಡ್ ಸುರಿದು ಕಲಕಿದೆ. ಇದರಲ್ಲೇನು ಮಹಾ ಲೆಕ್ಕ ಎಂಬ ಉಡಾಫೆ ನನ್ನದು. ದ್ರವದ ಸಾಂದ್ರತೆಯನ್ನು, ಅಂದರೆ ಒಂದು ಮಿಲಿಲೀಟರ್ ಎಷ್ಟು ಗ್ರಾಂ ತೂಗುತ್ತದೆಂಬುದನ್ನು, ತೋರಿಸುವ ಹೈಡ್ರೋಮೀಟರ್ ಇಳಿಬಿಟ್ಟರೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.071 ತೋರಬೇಕಾದದ್ದು 1.064ರ ಬಳಿ ನಿಂತಿತು. ಉಪಕರಣವನ್ನೇ ಅನುಮಾನಿಸಿ ಎರಡು ಸಲ ತೊಳೆದು ಒರೆಸಿದೆ. ತಪ್ಪಿದ್ದದ್ದು ನನ್ನ ಛೇದದಲ್ಲಿ. ಆ 100 ಗ್ರಾಂ ಉಪ್ಪು ಕೂತಿದ್ದದ್ದು 1,100 ಗ್ರಾಂ ದ್ರಾವಣದಲ್ಲಿ. ಅಂದರೆ ಶೇ 9.09.

ಸರಿ, 1,100ರಲ್ಲಿ ಹತ್ತನೇ ಒಂದು ಪಾಲು 110, ಇನ್ನು 10 ಗ್ರಾಂ ಹಾಕಿದರಾಯಿತು ಎಂದುಕೊಂಡೆ. ಅದೂ ತಪ್ಪೇ. ಹಾಕಿದ ಉಪ್ಪು ಒಟ್ಟು ತೂಕವನ್ನೂ ಏರಿಸುತ್ತದಲ್ಲ! ಸಮೀಕರಣ ಬಿಡಿಸುತ್ತ ಕೂತಿದ್ದಾಗ ಒಂದು ಸುಲಭದ ದಾರಿ ಹೊಳೆಯಿತು: ಇಲ್ಲಿ ಬದಲಾಗದೆ ಉಳಿಯುವುದು ಯಾವುದು? ನೀರು. ಅದು 1,000 ಗ್ರಾಂ, ಒಟ್ಟಿನಲ್ಲಿ ಶೇ 90 ಆಗಬೇಕು. 1,000ವನ್ನು 0.9ರಿಂದ ಭಾಗಿಸಿದರೆ 1,111.1. ಹಾಗಾಗಿ ಸೇರಿಸಬೇಕಾದದ್ದು 11.1 ಗ್ರಾಂ ಉಪ್ಪು.

ಅಂದಿನಿಂದ ಪ್ರತಿ ಲೆಕ್ಕಕ್ಕೂ ಇದೇ ಪ್ರಶ್ನೆಯಿಂದ ಕೈಹಾಕುತ್ತೇನೆ. ನೀರು ಬೆರೆಸಿ ತೆಳುವಾಗಿಸುವಾಗ ಬದಲಾಗದಿರುವುದು ದ್ರಾವ್ಯ, ಅಂದರೆ ಕರಗಿರುವ ವಸ್ತು. ಶೇ 37ರ ಹೈಡ್ರೋಕ್ಲೋರಿಕ್ ಆಮ್ಲದಿಂದ ಶೇ 10ರ 500 ಗ್ರಾಂ ದ್ರಾವಣ ಬೇಕೆನ್ನಿ. ಅದರಲ್ಲಿ ಇರಬೇಕಾದ ಹೈಡ್ರೋಜನ್ ಕ್ಲೋರೈಡ್ 50 ಗ್ರಾಂ. 50 ಭಾಗಿಸು 0.37, ಅಂದರೆ 135.1 ಗ್ರಾಂ ಆಮ್ಲ, ಉಳಿದ 364.9 ಗ್ರಾಂ ನೀರು. ಹೊಗೆಯಾಡುವ ಆಮ್ಲವನ್ನು ತಕ್ಕಡಿಯ ಮೇಲೆ ಯಾರೂ ಇಡುವುದಿಲ್ಲ, ಅಳತೆ ಜಾಡಿಯಲ್ಲೇ ತೆಗೆಯುತ್ತೇವೆ. ಅಲ್ಲಿ ಸಾಂದ್ರತೆ ಬೇಕು: 135.1ನ್ನು 1.18ರಿಂದ ಭಾಗಿಸಿದರೆ ಸುಮಾರು 114.5 ಮಿಲಿಲೀಟರ್. ಇದನ್ನು ಮರೆತು 135 ಮಿಲಿಲೀಟರ್ ಸುರಿದರೆ ದ್ರಾವಣ ಶೇ 11ನ್ನು ದಾಟುತ್ತದೆ. ಬೆರೆಸುವಾಗ ನೀರಿಗೆ ಆಮ್ಲ, ನಿಧಾನವಾಗಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಹೊಗೆ ಹೀರುವ ಗೂಡಿನೊಳಗೆ. ಇದರಲ್ಲಿ ಚೌಕಾಸಿ ಇಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಹರಳುಗಳು. ಮೈಲುತುತ್ತದ ನೀಲಿ ಹರಳಿನ ಪ್ರತಿ ಅಣುಸೂತ್ರದಲ್ಲಿ ಐದು ನೀರಿನ ಅಣುಗಳು ಅಡಗಿವೆ. ಅದರ ಮೋಲಾರ್ ರಾಶಿ, ಅಂದರೆ ಒಂದು ಮೋಲ್‌ನ ತೂಕ, 249.7 ಗ್ರಾಂ, ನೀರು ಕಳೆದ ತಾಮ್ರದ ಸಲ್ಫೇಟಿನದು 159.6. ಶೇ 5ರ 500 ಗ್ರಾಂ ದ್ರಾವಣಕ್ಕೆ ಬೇಕಾದ ಸಲ್ಫೇಟ್ 25 ಗ್ರಾಂ. ಹರಳಿನ ಲೆಕ್ಕದಲ್ಲಿ 25 ಗುಣಿಸು 249.7, ಭಾಗಿಸು 159.6, ಅಂದರೆ 39.1 ಗ್ರಾಂ. ಹರಳಿನ ನೀರು ದ್ರಾವಣದ ನೀರಿಗೇ ಸೇರುವುದರಿಂದ ಹೊರಗಿನಿಂದ ಹಾಕುವುದು 475 ಅಲ್ಲ, 460.9 ಗ್ರಾಂ. ಒಮ್ಮೆ ನೇರವಾಗಿ 25 ಗ್ರಾಂ ಹರಳು ತೂಗಿ ಹಾಕಿದ್ದೆ. ಬಂದದ್ದು ಬರೀ ಶೇ 3.2, ಆದರೆ ಬಣ್ಣ ನೋಡಿದರೆ ಎಷ್ಟು ಚೆಂದದ ನೀಲಿ! ಕಣ್ಣನ್ನು ನಂಬುವಂತಿಲ್ಲ. ಈಗ ಡಬ್ಬಿಯ ಚೀಟಿಯ ಮೇಲೆ ಸೂತ್ರವನ್ನು ಓದದೆ ತಕ್ಕಡಿಯ ಹತ್ತಿರ ಹೋಗುವುದಿಲ್ಲ.

ಗಾತ್ರದ ಶೇಕಡಾವಾರಿನ ರೀತಿಯೇ ಬೇರೆ. ಶೇ 95ರ ಎಥನಾಲಿನಿಂದ ಶೇ 70ರ 500 ಮಿಲಿಲೀಟರ್ ಮಾಡಲು 368.4 ಮಿಲಿಲೀಟರ್ ಬೇಕು. ಉಳಿದ 131.6ನ್ನು ನೀರಾಗಿ ಅಳೆದು ಸುರಿದರೆ ಒಟ್ಟು 500 ಮುಟ್ಟುವುದಿಲ್ಲ, ಏಕೆಂದರೆ ಎಥನಾಲ್ ಮತ್ತು ನೀರು ಬೆರೆತಾಗ ಗಾತ್ರ ಕುಗ್ಗುತ್ತದೆ. ಎಷ್ಟು ಕುಗ್ಗಿತೆಂದು ಲೆಕ್ಕ ಹಾಕುವ ಗೋಜಿಗೆ ನಾನು ಹೋಗುವುದಿಲ್ಲ; ಬೆರೆಸಿ, ಬಿಸಿ ಆರಲು ಬಿಟ್ಟು, ಆಮೇಲೆ 500ರ ಗೆರೆಯವರೆಗೆ ನೀರು ತುಂಬಿಸುತ್ತೇನೆ.