84,000 ಭಾಗಿಸು 12: ಒಂದು ವರ್ಷದ ಸಂಸಾರದ ಲೆಕ್ಕ

ಸೊಪ್ಪಿನವರ ಹತ್ತಿರ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡಿ ಯಾರ ಸಂಸಾರವೂ ದಡ ಸೇರಿದ್ದನ್ನು ನಾನು ನೋಡಿಲ್ಲ. ನಾವು ಮೊದಲಿನಿಂದಲೂ ಕೈ ಬಿಗಿ ಹಿಡಿದು ಬದುಕಿದವರೇ. ಹೋಟೆಲ್ ಊಟ ಅಪರೂಪ, ಬಟ್ಟೆ ಹಬ್ಬಕ್ಕೆ ಮಾತ್ರ. ಆದರೂ ಪ್ರತಿ ಜೂನ್‌ನಲ್ಲಿ ನನ್ನ ಸರ ಗಿರವಿಗೆ ಹೋಗುತ್ತಿತ್ತು. ಮಕ್ಕಳ ಫೀಸ್ ಕಟ್ಟಬೇಕಲ್ಲ. ದೀಪಾವಳಿ ಬೋನಸ್ ಬಂದ ಮೇಲೆ ಬಿಡಿಸಿಕೊಂಡು ಬರುವುದು. ಬಡ್ಡಿ, ಚಾರ್ಜು ಎಲ್ಲ ಸೇರಿ 2,500ರ ಹತ್ತಿರ ಹೋಗುತ್ತಿತ್ತು. ವರ್ಷವಿಡೀ ಸೊಪ್ಪಿನಲ್ಲಿ ಉಳಿಸಿದರೂ ಅಷ್ಟಾಗುವುದಿಲ್ಲ.

ನಾವಿರುವುದು ಮೈಸೂರಿನ ಹೆಬ್ಬಾಳದಲ್ಲಿ, ಬಾಡಿಗೆ ಮನೆ. ನಾನು, ನಮ್ಮನೆಯವರು, ಅತ್ತೆ, ಹೈಸ್ಕೂಲಿನ ಮಗಳು, ನಾಲ್ಕನೇ ಕ್ಲಾಸಿನ ಮಗ. 2024ರ ಶುರುವಿನಲ್ಲಿ ನಮ್ಮನೆಯವರ ಕಂಪನಿಯಲ್ಲಿ ಓಟಿ, ಅಂದರೆ ಹೆಚ್ಚುವರಿ ಹೊತ್ತಿನ ಕೆಲಸ, ನಿಂತುಹೋಯಿತು. 34,000 ಆಸುಪಾಸು ಬರುತ್ತಿದ್ದದ್ದು 26,000ಕ್ಕೆ ಇಳಿಯಿತು. ನಾನು ಮನೆಯಲ್ಲೇ ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿಕೊಡುತ್ತೇನೆ. ಅದು ಸರಾಸರಿ 3,000. ಒಟ್ಟು 29,000ದಲ್ಲಿ ಐದು ಜನ. ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ಬೇವು-ಬೆಲ್ಲ ಮುಗಿದ ಮೇಲೆ ಪುಸ್ತಕ ತೆಗೆದು ಕೂತೆವು. ಆ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಬರೆದಿಟ್ಟ ಲೆಕ್ಕ ಇದು.

ಎಲ್ಲರೂ ತಿಂಗಳ ಖರ್ಚಿನಿಂದ ಶುರು ಮಾಡುತ್ತಾರೆ. ನಾವು ವರ್ಷದ ಖರ್ಚಿನಿಂದ ಶುರು ಮಾಡಿದೆವು. ತಿಂಗಳ ಖರ್ಚು ಹೇಗೋ ಕಣ್ಣಿಗೆ ಬೀಳುತ್ತದೆ. ಅಕ್ಕಿ ಮುಗಿದರೆ ಡಬ್ಬಿ ಹೇಳುತ್ತದೆ. ಕುತ್ತಿಗೆಗೆ ಬರುವುದು ವರ್ಷಕ್ಕೊಮ್ಮೆ, ಎರಡು ಸಲ ಬರುವ ಖರ್ಚು. ಅವು ಬರುವುದು ಗೊತ್ತಿದ್ದರೂ ಪ್ರತಿ ಸಲ ಹೊಸದಾಗಿ ಬಂದ ಹಾಗೆ ಗಾಬರಿಯಾಗುತ್ತೇವೆ. ಜೂನ್ ತಿಂಗಳು ಹೇಳದೆ ಕೇಳದೆ ಬರುತ್ತದಾ?

ಆ ಪಟ್ಟಿ ಹೀಗಿತ್ತು. ಇಬ್ಬರ ಫೀಸ್ 40,000. ಪುಸ್ತಕ, ಯೂನಿಫಾರ್ಮ್, ಶೂ 9,000. ಎಲ್‌ಐಸಿ ಕಂತು 12,000. ಹಬ್ಬಗಳಿಗೆ 10,000. ಮದುವೆ, ಗೃಹಪ್ರವೇಶ, ನಾಮಕರಣದ ಮುಯ್ಯಿ 8,000. ಬೈಕಿನ ಇನ್ಶೂರೆನ್ಸ್, ಸರ್ವಿಸ್, ಟೈರು 4,000ಕ್ಕೆ ಸ್ವಲ್ಪ ಮೇಲೆ. ಬ್ಯಾಂಕ್ ಖಾತೆಯಿಂದ ಪ್ರತಿ ವರ್ಷ ಕಡಿತವಾಗುವ ಪ್ರಧಾನಮಂತ್ರಿ ಜೀವನಜ್ಯೋತಿ 436, ಸುರಕ್ಷಾ ಬಿಮೆ 20, ಇಬ್ಬರಿಗೂ. ಎಲ್ಲ ಕೂಡಿದರೆ 84,000 ಹತ್ತಿರ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 7,000.

ಲೆಕ್ಕ ನೋಡಿ ನಮ್ಮನೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ನಮ್ಮ ಸಂಬಳ 29 ಅಲ್ಲ ಕಣೇ, 22" ಅಂದರು. ಅಷ್ಟೇ ವಿಷಯ. ಇಷ್ಟು ವರ್ಷ ನಾವು ನಮ್ಮದಲ್ಲದ 7,000ವನ್ನು ನಮ್ಮದು ಅಂದುಕೊಂಡು ಖರ್ಚು ಮಾಡುತ್ತಿದ್ದೆವು.

ಆ ದುಡ್ಡನ್ನು ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕಲು ಶುರು ಮಾಡಿದೆವು. ಬಡ್ಡಿ ಶೇ 4 ಮಾತ್ರ, ನಿಜ. ಆದರೆ ಆ ಖಾತೆಯನ್ನು ಮೊಬೈಲಿಗೆ ಜೋಡಿಸಲಿಲ್ಲ. ಬೇಕು ಅಂದರೆ ಪಾಸ್‌ಬುಕ್ ಹಿಡಿದು, ಫಾರಂ ತುಂಬಿ, ಕ್ಯೂ ನಿಂತು ತೆಗೆಯಬೇಕು. ಆ ಕ್ಯೂ ನಮಗೆ ಬಡ್ಡಿಗಿಂತ ಹೆಚ್ಚು ಉಳಿಸಿಕೊಟ್ಟಿದೆ. ನಮ್ಮ ಬೀದಿಯಲ್ಲಿ ಚೀಟಿ ಹಾಕುವವರಿದ್ದಾರೆ, ಕರೆದರು. ಸಂಬಳ ಹೆಚ್ಚು ಕಡಿಮೆ ಆಗುವ ಮನೆಗೆ ಚೀಟಿ ಕಷ್ಟ. ಒಂದು ತಿಂಗಳು ಕಟ್ಟದಿದ್ದರೆ ನಾಲ್ಕು ಜನರ ಮುಂದೆ ಮಾತು ಕೇಳಬೇಕು. ಬೇಡ ಅಂದೆ.

ಮೊದಲ ಜೂನ್ ಮಾತ್ರ ಕಷ್ಟವಾಯಿತು. ಯುಗಾದಿಗೆ ಶುರು ಮಾಡಿದ್ದು, ಜೂನ್ ಹೊತ್ತಿಗೆ ಖಾತೆಯಲ್ಲಿ ಎಷ್ಟಿರುತ್ತದೆ ಹೇಳಿ? ಸ್ಕೂಲಿಗೆ ಹೋಗಿ ಕಂತಿನಲ್ಲಿ ಕಟ್ಟುತ್ತೇವೆ ಅಂತ ಕೇಳಿದೆ. ಮೂರು ಕಂತು ಮಾಡಿಕೊಟ್ಟರು. ಕೇಳುವುದಕ್ಕೆ ನಾಚಿಕೆಯಾಗುತ್ತದೆ, ಅದಕ್ಕೇ ಎಷ್ಟೋ ಜನ ಕೇಳದೆ ಅಡ ಇಡುತ್ತಾರೆ. ಮೊದಲೇ ಹೋಗಿ ಯಾವ ತಾರೀಖು ಎಷ್ಟು ಅಂತ ಬರೆದುಕೊಟ್ಟರೆ ಬಹಳ ಕಡೆ ಒಪ್ಪುತ್ತಾರೆ. ಕೊನೆ ದಿನ ದಾಟಿದ ಮೇಲೆ ಹೋದರೆ ಮಾತಿನ ಧಾಟಿಯೇ ಬೇರೆ. ಆ ವರ್ಷ ಸರ ಕುತ್ತಿಗೆಯಲ್ಲೇ ಉಳಿಯಿತು. ಬೋನಸ್ ಬಂದಾಗ ಅದನ್ನು ಆಸ್ಪತ್ರೆ ದುಡ್ಡು ಅಂತ ಬೇರೆ ಇಟ್ಟೆವು.

ಉಳಿದ 22,000ದಲ್ಲಿ ಬಾಡಿಗೆ 8,000 ಹೋದರೆ 14,000. ದಿನಸಿ 5,000, ತರಕಾರಿ 2,000, ಹಾಲು 1,350, ಗ್ಯಾಸ್ ಸರಾಸರಿ 650, ಪೆಟ್ರೋಲ್ 1,500, ಮೊಬೈಲ್ 700, ಮೊಟ್ಟೆ-ಕೋಳಿ 800. ಮಿಕ್ಕ 2,000ದಲ್ಲಿ ಸಾವಿರ ಅಂಚೆ ಕಚೇರಿ ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ. ಇನ್ನೊಂದು ಸಾವಿರ ಹೆಚ್ಚುಕಡಿಮೆಗೆ. ಹೆಚ್ಚುಕಡಿಮೆ ಅಂತ ಒಂದು ಸಾಲು ಇಡದ ಬಜೆಟ್ ಒಂದೇ ವಾರದಲ್ಲಿ ಸುಳ್ಳಾಗುತ್ತದೆ.

ಇನ್ನು ಅಡುಗೆಮನೆ. ಇಲ್ಲಿ ಉಳಿತಾಯ ಇಲ್ಲ ಅಂತ ಅಲ್ಲ. ಉಳಿತಾಯ ಇರುವುದು ಏನು ಬೇಯಿಸುತ್ತೇವೆ ಅನ್ನುವುದರಲ್ಲಿ. 2024ರಲ್ಲಿ ತೊಗರಿಬೇಳೆ ಕೆಜಿಗೆ 170-180 ಇತ್ತು. ದಿನಾ ಬೇಳೆ ಸಾರು ಮಾಡಿದರೆ 5,000ದಲ್ಲಿ ದಿನಸಿ ಮುಗಿಯುವುದಿಲ್ಲ. ಅತ್ತೆ ಮಂಡ್ಯ ಕಡೆಯವರು. ಅವರ ಅಡುಗೆಗೆ ವಾಪಸ್ ಹೋದೆವು. ಬಸ್ಸಾರು ಇದೆಯಲ್ಲ, ಅದರಂಥ ಲೆಕ್ಕದ ಅಡುಗೆ ಇನ್ನೊಂದಿಲ್ಲ. ಹುರುಳಿಕಾಳೋ ಅಲಸಂದೆಯೋ ಬೇಯಿಸಿ, ದಂಟಿನ ಸೊಪ್ಪು ಹಾಕಿ, ಬಸಿದು, ಆ ಕಟ್ಟಿನಲ್ಲಿ ಸಾರು, ಮಿಕ್ಕ ಸೊಪ್ಪು-ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ಒಂದೇ ಕುಕ್ಕರ್, ಒಂದೇ ಉರಿ, ಎರಡು ಪದಾರ್ಥ. ಜೊತೆಗೆ ಮುದ್ದೆ. ಮರುದಿನ ಆ ಸಾರಿನ ರುಚಿ ಇನ್ನೂ ಜಾಸ್ತಿ. ವಾರದಲ್ಲಿ ಎರಡು ದಿನ ಬೇಳೆ, ಉಳಿದ ದಿನ ಬಸ್ಸಾರು, ಉಪ್ಪುಸಾರು, ಮಸ್ಸೊಪ್ಪು, ಮೊಳಕೆ ಹುರುಳಿ. ಡಿಸೆಂಬರ್ ಬಂದರೆ ಅವರೆಕಾಯಿ ಇದ್ದೇ ಇದೆ, ಮನೆಮಂದಿಯೆಲ್ಲ ಕೂತು ಹಿದುಕುವುದು. ಮಗ ಮೊದಲು ಮುದ್ದೆಗೆ ಮುಖ ಸಿಂಡರಿಸಿದ. ಈಗಲೂ ಪೂರ್ತಿ ಒಪ್ಪಿಲ್ಲ, ಅವನಿಗೆ ರಾಗಿ ರೊಟ್ಟಿ.

ದಿನಸಿಯನ್ನು ತಿಂಗಳಿಗೊಮ್ಮೆ ಸಂತೆಪೇಟೆಯಿಂದ ತರುತ್ತೇವೆ. ಮಗಳನ್ನು ಕರೆದುಕೊಂಡು ಸಿಟಿ ಬಸ್ಸಲ್ಲಿ ಹೋಗುತ್ತೇನೆ. ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ಕೈಯಲ್ಲಿದ್ದರಾಯಿತು. ಎರಡು ಚೀಲ ಹೊತ್ತು ಬಸ್ ಹತ್ತುವುದು ಸುಲಭ ಅಂತ ಹೇಳಲಾರೆ. ಮೂಲೆ ಅಂಗಡಿಗೆ ಹೋಲಿಸಿದರೆ ಬೇಳೆಕಾಳು, ಬೆಲ್ಲ, ಮೆಣಸಿನಕಾಯಿಯಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಸೋಪು, ಪೇಸ್ಟಿನಲ್ಲಿ ಏನೂ ಇಲ್ಲ. ಅದಕ್ಕೆ ಅಲ್ಲಿಂದ ಹೊತ್ತು ತರಬೇಡಿ.

ತರಕಾರಿಗೆ ವಾರಕ್ಕೆ 500, ನೋಟು, ಡಬ್ಬಿಯಲ್ಲಿ. ಫೋನಲ್ಲಿ ಸ್ಕ್ಯಾನ್ ಮಾಡುವುದನ್ನು ತರಕಾರಿಗೆ ನಿಲ್ಲಿಸಿದೆವು. 20, 30 ಅಂತ ಹೋದದ್ದು ತಲೆಗೆ ಹತ್ತುವುದೇ ಇಲ್ಲ, ಅಲ್ವಾ? ಡಬ್ಬಿ ಖಾಲಿಯಾದರೆ ಸೋಮವಾರದವರೆಗೆ ಕಾಳು.

ಬೆಲೆ ಏರಿದಾಗ ಏನು ಮಾಡುವುದು? ಆ ವರ್ಷ ಒಂದಾದ ಮೇಲೊಂದು ಏರಿತು. ಬೆಳ್ಳುಳ್ಳಿ ಕೆಜಿಗೆ 300-400 ಮುಟ್ಟಿತು. ಜೂನ್ 26ರಿಂದ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿ ಹಾಲು ಸೇರಿಸಿ 2 ರೂಪಾಯಿ ಹೆಚ್ಚು ಮಾಡಿದರು. ಜುಲೈನಲ್ಲಿ ಮೊಬೈಲ್ ರೀಚಾರ್ಜ್ ಏರಿತು. ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿತು, ಹಬ್ಬದ ಹೊತ್ತಿಗೆ ಸೂರ್ಯಕಾಂತಿ ಎಣ್ಣೆ ತುಟ್ಟಿ. 2025ರ ಶುರುವಿಗೆ ಕಾಫಿಪುಡಿ. ನಮ್ಮ ನಿಯಮ ಒಂದೇ: ಸಾಲಿನ ಮೊತ್ತ ಬದಲಾಗುವುದಿಲ್ಲ, ಒಳಗಿನ ಪದಾರ್ಥ ಬದಲಾಗಲಿ. ಎಣ್ಣೆ ಏರಿದಾಗ ಪೂರಿ, ಬೋಂಡ ಹಬ್ಬಕ್ಕೆ ಮಾತ್ರ ಆಯಿತು. ಬೆಳ್ಳುಳ್ಳಿಗೆ ಬದಲು ಇಂಗು. ಅತ್ತೆ ಕಾಫಿ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ಚಿಕೋರಿ ಸ್ವಲ್ಪ ಜಾಸ್ತಿ ಇರುವ ಪುಡಿ ತಂದೆ. ಒಂದು ಗುಟುಕು ಕುಡಿದು, "ಇದನ್ನ ನೀನೇ ಕುಡಿಯವ್ವ" ಅಂತ ಲೋಟ ಸರಿಸಿದರು. ಹಳೇ ಪುಡಿಯೇ ವಾಪಸ್ ಬಂತು.

ಹಾಲು, ಮೊಟ್ಟೆಗೆ ಕೈ ಹಾಕಲಿಲ್ಲ. ಮಕ್ಕಳ ಸ್ಕೂಲೂ ಬದಲಾಯಿಸಲಿಲ್ಲ. ಅಲ್ಲಿ ಉಳಿಸಿದ್ದು ಇನ್ನೆಲ್ಲೋ ಹೋಗುತ್ತದೆ ಅನ್ನುವುದು ನನ್ನ ನಂಬಿಕೆ. ಮಗನ ಟ್ಯೂಷನ್ ಮಾತ್ರ ನಿಲ್ಲಿಸಿ ಅಕ್ಕನ ಕೈಗೆ ಒಪ್ಪಿಸಿದೆವು. ಇಬ್ಬರ ಜಗಳ ಬೀದಿಗೆ ಕೇಳುತ್ತದೆ, ಮಾರ್ಕ್ಸ್ ಮಾತ್ರ ಹಾಗೇ ಇದೆ.

ಕರೆಂಟಿನಲ್ಲಿ ಗೃಹಜ್ಯೋತಿ ಇದೆ. ಬಹಳ ಜನ 200 ಯೂನಿಟ್ ಪೂರ್ತಿ ಪುಕ್ಕಟೆ ಅಂದುಕೊಂಡಿದ್ದಾರೆ. ಹಾಗಿಲ್ಲ. ಆ ಮೀಟರಿನ 2022-23ರ ತಿಂಗಳ ಸರಾಸರಿ, ಅದರ ಮೇಲೆ ಸಾಮಾನ್ಯವಾಗಿ ಶೇ 10, ಅಷ್ಟು ಉಚಿತ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಬಿಲ್. 200 ದಾಟಿದರೆ ಪೂರ್ತಿ ಬಿಲ್. ನಮ್ಮ ಮನೆಯ ಮಿತಿ ಕಡಿಮೆ. ಹೆಚ್ಚು ಎಳೆಯುವುದು ಗೀಸರ್: 2,000 ವ್ಯಾಟ್, ಅರ್ಧ ಗಂಟೆ ಉರಿದರೆ ಒಂದು ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬು ಅದೇ ಒಂದು ಯೂನಿಟ್ಟಿಗೆ ನೂರು ಗಂಟೆ ಮೇಲೆ ಉರಿಯುತ್ತದೆ. ಹಾಗಾಗಿ ಮಕ್ಕಳಿಗೆ ಲೈಟ್ ಆರಿಸು ಅಂತ ಕಿರುಚುವುದು ಬಿಟ್ಟೆ. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸುವುದು ಮನೆಯ ಕಾನೂನಾಯಿತು. ಬಿಲ್ ಬಹುತೇಕ ತಿಂಗಳು ಸೊನ್ನೆ.

ಗೃಹಲಕ್ಷ್ಮಿಯ 2,000 ಅತ್ತೆಯ ಖಾತೆಗೆ ಬರುತ್ತದೆ. ರೇಷನ್ ಕಾರ್ಡಿನಲ್ಲಿ ಅವರೇ ಯಜಮಾನಿ. ನಮ್ಮದು ಎಪಿಎಲ್ ಕಾರ್ಡ್, ಅನ್ನಭಾಗ್ಯದ ಅಕ್ಕಿ ಇಲ್ಲ, ಇದು ಮಾತ್ರ ಉಂಟು. ಈ ದುಡ್ಡನ್ನು ನಾನು 29,000ದಲ್ಲಿ ಸೇರಿಸಿಲ್ಲ, ಬೇಕೆಂದೇ. ಅದು ಅವರ ದುಡ್ಡು. ಅವರೇ ಒಂದು ದಿನ, "ನನ್ ಮಾತ್ರೆ ಖರ್ಚು ನಂದು. ನನ್ ತೌರಿನ ಕಡೆ ಮುಯ್ಯಿನೂ ನಂದು. ಮಿಕ್ಕಿದ್ದು ಕೇಳಬ್ಯಾಡಿ" ಅಂದರು. ಕೇಳಿಲ್ಲ. ಬಿಪಿ, ಶುಗರ್ ಮಾತ್ರೆಗಳನ್ನು ಜನೌಷಧಿ ಕೇಂದ್ರದಿಂದ ತರುತ್ತೇವೆ. ಡಾಕ್ಟರ ಹತ್ತಿರ ಕಂಪನಿ ಹೆಸರಿನ ಬದಲು ಔಷಧದ ಮೂಲ ಹೆಸರು ಬರೆಸಿಕೊಳ್ಳಬೇಕು, ಅಷ್ಟೇ. ಮೊದಲಿನ ಅರ್ಧ ಖರ್ಚೂ ಆಗುವುದಿಲ್ಲ. ಅವರ ಕೈಗೆ ದುಡ್ಡು ಬಂದಮೇಲೆ ಮನೆಯಲ್ಲಿ ಅವರ ದನಿಯೂ ಸ್ವಲ್ಪ ಏರಿದೆ. ನನಗೇನೂ ಬೇಜಾರಿಲ್ಲ.

ನನ್ನ ಕುಚ್ಚಿನ ಕೆಲಸಕ್ಕೂ ಇದೇ ಭಾಗಾಕಾರ. ಮದುವೆ ಕಾಲದಲ್ಲಿ ಬಿಡುವಿಲ್ಲ, ಆಷಾಢ ಬಂತೆಂದರೆ ಕೈ ಖಾಲಿ. ಮೇನಲ್ಲಿ ಹೆಚ್ಚು ಬಂದದ್ದನ್ನು ಎತ್ತಿಟ್ಟು, ತಿಂಗಳಿಗೆ 3,000 ಮಾತ್ರ ಮನೆಗೆ ಕೊಡುತ್ತೇನೆ. ಆಷಾಢದಲ್ಲೂ ಅಷ್ಟೇ ಕೊಡುತ್ತೇನೆ. ನಮ್ಮನೆಯವರು ನನ್ನನ್ನು ಆಫೀಸರ್ ಅಂತ ಆಡಿಕೊಳ್ಳುತ್ತಾರೆ.

ನಿಜವಾಗಿ ಕಷ್ಟವಾದದ್ದು ಮುಯ್ಯಿ ಮತ್ತು ಹಬ್ಬ. ಊಟದಲ್ಲಿ ಕಡಿಮೆ ಮಾಡಿದರೆ ಮನೆಯವರಿಗಷ್ಟೇ ಗೊತ್ತು. ಮುಯ್ಯಿಯಲ್ಲಿ ಕಡಿಮೆ ಮಾಡಿದರೆ ಊರಿಗೇ ಗೊತ್ತು. ಯಾರೋ ಮೈಕ್ ಹಿಡಿದು ಕೂಗದಿದ್ದರೂ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆಯುತ್ತಾರೆ. ನಮ್ಮ ಮದುವೆಯ ಮುಯ್ಯಿ ಪುಸ್ತಕ ಅತ್ತೆಯ ಟ್ರಂಕಿನಲ್ಲಿತ್ತು, ತೆಗೆಸಿದೆ. ಈಗ ಕರೆದವರು ಆಗ ನಮಗೆ ಕೊಟ್ಟದ್ದೆಷ್ಟು ನೋಡಿ, ಅದಕ್ಕಿಂತ ಸ್ವಲ್ಪ ಮೇಲೆ ಬರೆಸಿದೆ. ಆಫೀಸಿನವರು 1,000 ಹಾಕುತ್ತಾರೆ ಅಂತ ನಾವೂ ಹಾಕುವುದು ನಿಂತಿತು. ಹತ್ತಿರದವರ ಮದುವೆಗೆ ದುಡ್ಡಿನ ಬದಲು ಮದುಮಗಳ ಸೀರೆಗಳಿಗೆ ಕುಚ್ಚು ಕಟ್ಟಿಕೊಟ್ಟೆ. ಅದು 1,000ಕ್ಕಿಂತ ಹೆಚ್ಚಿನ ಕೆಲಸ, ಅವರಿಗೂ ಖುಷಿಯಾಯಿತು. ಒಬ್ಬರು ಮಾತ್ರ "ಈ ಸಲ ಕೈ ಬಿಗಿಯಾ?" ಅಂತ ನಕ್ಕರು. ಹೌದು ಅಂದೆ. ಮಾತು ಅಲ್ಲಿಗೆ ಮುಗಿಯಿತು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ರೇಟು ಕೇಳಿದವರಿಗೆ ನಾನೇನು ಹೇಳುವುದು? ಬಾಳೆಹಣ್ಣನ್ನು ಐದಾರು ದಿನ ಮುಂಚೆ ಕಾಯಿಯಾಗಿರುವಾಗಲೇ ತಂದು ಮನೆಯಲ್ಲಿ ಹಣ್ಣು ಮಾಡಿದೆವು. ಹೂವು ಕಳಶಕ್ಕೆ ಒಂದು ಮೊಳ ಕೊಂಡು, ಉಳಿದದ್ದು ಅಂಗಳದ ದಾಸವಾಳ, ನಂದಿಬಟ್ಟಲು. ಅತ್ತೆ ಒಪ್ಪುತ್ತಾರೋ ಇಲ್ಲವೋ ಅಂದುಕೊಂಡಿದ್ದೆ, ಅವರೇ ಮುಂದೆ ನಿಂತು ಕಟ್ಟಿದರು.

ಮಕ್ಕಳಿಗೆ ಲೆಕ್ಕ ಮುಚ್ಚಿಡಲಿಲ್ಲ. ಪುಸ್ತಕ ಬರೆಯುವ ಕೆಲಸ ಮಗಳದ್ದು. ಅದರಿಂದ ಒಂದು ತೊಂದರೆಯೂ ಆಯಿತು. ಸ್ಕೂಲಿನ ಟ್ರಿಪ್ ವಿಷಯವನ್ನು ಅವಳು ಮನೆಯಲ್ಲಿ ಹೇಳಲೇ ಇಲ್ಲ. ಬೇರೆಯವರ ಬಾಯಿಂದ ಗೊತ್ತಾಯಿತು. ಹೆಚ್ಚುಕಡಿಮೆಯ ಸಾಲಿನಿಂದ ತೆಗೆದು ಕಳಿಸಿದೆವು. ಮಕ್ಕಳಿಗೆ ಲೆಕ್ಕ ತೋರಿಸುವವರು ಇದನ್ನೂ ಗಮನದಲ್ಲಿಡಿ. ಅವರು ನಮಗಿಂತ ಹೆಚ್ಚು ಬಿಗಿಯುತ್ತಾರೆ.

2025ರ ಯುಗಾದಿಗೆ ಪಟ್ಟಿಯನ್ನು ಹೊಸದಾಗಿ ಬರೆದೆವು. ಫೀಸ್ 4,000 ಏರಿದೆ. ಫ್ರಿಜ್, ಮಿಕ್ಸಿ ರಿಪೇರಿ ಅಂತ 3,000ದ ಹೊಸ ಸಾಲು ಸೇರಿಸಿದ್ದೇವೆ. ಒಟ್ಟು 91,000, ತಿಂಗಳಿಗೆ 7,600. ಓಟಿ ಇನ್ನೂ ಶುರುವಾಗಿಲ್ಲ. ಹೆಚ್ಚಾದ 600 ಎಲ್ಲಿಂದ ಅಂತ ಮಗಳು ಕೇಳಿದಳು. ಪೆಟ್ರೋಲಿನಿಂದ, ಅಂದರು ನಮ್ಮನೆಯವರು. ಕಂಪನಿ ಹತ್ತಿರವೇ ಇದೆ, ಸೈಕಲ್ ರಿಪೇರಿಗೆ ಕೊಟ್ಟಿದ್ದಾರೆ.